ಕರಿ ನೆಲ ಬೇಸಿಗೆಯಲ್ಲಿ ಬಾಯಿ ಬಿಡುವುದೇಕೆ

ಲೋಕ ಹೊಸದಾಗಿದ್ದ ಕಾಲ ಅದು. ಆಕಾಶಕ್ಕೆ ಬಳಿದ ನೀಲಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಸೂರ್ಯನಿಗೆ ದಾರಿ ರೂಢಿಯಾಗಿರಲಿಲ್ಲ. ಒಂದೊಂದು ದಿನ ತಪ್ಪಿ ಎತ್ತಲೋ ಹೋಗಿ, ಯಾರನ್ನೋ ಕೇಳಿಕೊಂಡು ಸಂಜೆಗೆ ಪಡುವಣ ಸೇರುತ್ತಿದ್ದ. ಗಾಳಿಗೆ, ಹಳ್ಳಕ್ಕೆ, ಹುಲ್ಲಿಗೆ, ಕಾಳಿಗೆ, ಎಲ್ಲಕ್ಕೂ ಆಗ ಮಾತು ಬರುತ್ತಿತ್ತು. ಮಾತು ಬರುತ್ತಿದ್ದರೇನು, ಕೇಳಿಸಿಕೊಳ್ಳುವವರು ಆಗಲೂ ಕಡಿಮೆಯೇ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬರಲಿ ಬಿಡು ಕೂಸೇ. ಇದು ಸಿಟ್ಟಿನ ಕತೆ. ನಗುನಗುತ್ತ ಹೇಳಲು ನನಗೆ ಆಗುವುದಿಲ್ಲ.

ಆ ಕಾಲದಲ್ಲಿ ಬಯಲುಸೀಮೆಯ ಉದ್ದಗಲಕ್ಕೂ ಎರೆವ್ವ ಮಲಗಿದ್ದಳು. ಎರೆವ್ವ ಎಂದರೆ ಕರಿ ಮಣ್ಣಿನ ನೆಲ. ಕಾಡಿಗೆಯಂಥ ಬಣ್ಣ, ಬೆಣ್ಣೆಯಂಥ ಮೈ. ಆ ಮೈಯಲ್ಲಿ ಎಲ್ಲಿ ಹುಡುಕಿದರೂ ಒಂದು ಗೆರೆ ಇರಲಿಲ್ಲ, ಒಂದು ಸೀಳು ಇರಲಿಲ್ಲ. ಯಾವ ಕಾಳು ಬಿದ್ದರೂ ನೀನು ಯಾವ ಕುಲ, ಎಷ್ಟು ಎತ್ತರ ಬೆಳೆಯುತ್ತೀ ಎಂದು ಕೇಳದೆ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಹೆಸರುಕಾಳು ಏಳುತ್ತಿತ್ತು, ಮಡಕಿಕಾಳಿನ ಬಳ್ಳಿ ಹಬ್ಬುತ್ತಿತ್ತು, ಹುರಳಿ ನೆಲಕ್ಕೆ ಹಾಸಿಕೊಳ್ಳುತ್ತಿತ್ತು. ಸಂದುಗೊಂದಿಯಲ್ಲಿ ಗರಿಕೆ ಹುಲ್ಲು ತೂರಿಕೊಳ್ಳುತ್ತಿತ್ತು. ಎಲ್ಲ ಸೇರಿ ಎರೆವ್ವನ ಮೈತುಂಬ ಹಸಿರು. ಅದೇ ಅವಳ ಸೀರೆ. ಮಳೆ ಜೋರಾಗಿ ಬಂದರೆ ಎಲೆಯ ಮೇಲೆ ಬಿದ್ದು ಮೆಲ್ಲಗೆ ಇಳಿಯುತ್ತಿತ್ತು. ಗಾಳಿ ಬಂದರೆ ಸೀರೆಯ ಮೇಲೆ ಜಾರಿ ಮುಂದಕ್ಕೆ ಹೋಗುತ್ತಿತ್ತು. ಮುಂಗಾರು ಮುಗಿದು ಸೀರೆ ಹಳತಾದರೆ ಅದೇ ಎಲೆ ಕೊಳೆತು ಅವಳಿಗೆ ಊಟವಾಗುತ್ತಿತ್ತು. ಆಮೇಲೆ ಹಿಂಗಾರಿನಲ್ಲಿ ಬಿಳಿಜೋಳ ತಲೆಯೆತ್ತುತ್ತಿತ್ತು. ಉಂಡ ಮೈ, ತಂಪು ಮೈ. ಜೋಳಕ್ಕೆ ಏನೂ ಕಡಿಮೆಯಾಗುತ್ತಿರಲಿಲ್ಲ.

ಎರೆವ್ವನಿಗೆ ಇದ್ದದ್ದು ಒಂದೇ ಭಯ. ಅವಳ ಕಪ್ಪು ತೊಗಲಿನ ಕೆಳಗೆ ಗರಸು ಇತ್ತು. ಗರಸು ಎಂದರೆ ಬಿಳಿಚು ಕಲ್ಲುಪುಡಿ. ಅಲ್ಲಿ ಕಾಳು ಬಿದ್ದರೆ ಕಾಳಾಗಿಯೇ ಒಣಗುತ್ತದೆ. ತೊಗಲು ಇರುವವರೆಗೆ ಅವಳು ತಾಯಿ. ತೊಗಲು ಹೋದ ದಿನ ಬರೀ ಕಲ್ಲು. ಕಲ್ಲನ್ನು ಯಾರೂ ಅವ್ವಾ ಎಂದು ಕರೆಯುವುದಿಲ್ಲ.

ಹೀಗಿರುವಾಗ ಅಲ್ಲಿಗೆ ಕಾಡಪ್ಪ ಮತ್ತು ಬಾಳವ್ವ ಎಂಬ ಗಂಡಹೆಂಡಿರು ಬಂದು ಮನೆ ಕಟ್ಟಿದರು. ಕಾಡಪ್ಪ ಬುದ್ಧಿವಂತ. ಮರ ಕೆತ್ತಿ, ಬಿದಿರಿನ ಕೊಳವೆ ಸಿಕ್ಕಿಸಿ, ನಾಲ್ಕು ಸಾಲು ಒಟ್ಟಿಗೆ ಬಿತ್ತುವ ಕೂರಿಗೆ ಮಾಡಿದ. ಬಾಳವ್ವ ಅಚ್ಚುಕಟ್ಟಿನ ಹೆಂಗಸು. ಅವಳ ಅಂಗಳ ನೋಡಲು ಹಕ್ಕಿಗಳೂ ಬರುತ್ತಿದ್ದವಂತೆ. ದಿನಾ ಗುಡಿಸಿ, ಸಗಣಿಯಿಂದ ಸಾರಿಸಿ, ರಂಗೋಲಿ ಬಿಡಿಸುವಳು. ಒಂದು ಎಲೆ ಬಿದ್ದರೆ ಅದು ನೆಲ ಮುಟ್ಟುವ ಮೊದಲೇ ಹಿಡಿಯುವ ಜಾತಿ.

ಅಂಗಳಕ್ಕಷ್ಟೇ ಅವಳ ಅಚ್ಚುಕಟ್ಟು ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಒಂದು ಹಿಂಗಾರಿನಲ್ಲಿ ಜೋಳ ಕಾಡಪ್ಪನನ್ನು ಹತ್ತಿರ ಕರೆಯಿತು. ಮುತ್ತಿನಂಥ ತೆನೆ ಹೊತ್ತು ತೂಗುತ್ತ ಬಲು ನಯವಾಗಿ ಮಾತಾಡಿತು. ಮುಂಗಾರಿನ ಮಳೆಯನ್ನೆಲ್ಲ ಆ ಹೆಸರು, ಆ ಮಡಕಿ, ಆ ಹುರಳಿ ಕುಡಿದು ಮುಗಿಸುತ್ತವೆ, ತನಗೆ ಉಳಿಯುವುದು ಅವುಗಳ ಎಂಜಲು ಎಂದಿತು. ಹುಲ್ಲಂತೂ ಬಾಡಿಗೆ ಇಲ್ಲದೆ ಮನೆ ಹಿಡಿದವನ ಹಾಗೆ ಎಂದಿತು. ಹೊಲವನ್ನು ಬರಿದು ಮಾಡಿ ಮಳೆಯನ್ನೆಲ್ಲ ತನಗೊಂದಕ್ಕೇ ಇಟ್ಟರೆ ಕಾಳು ಕೂಡಿಡುವ ಹಗೇವು ತುಂಬಿ ಮೇಲೆ ಚೆಲ್ಲುವಷ್ಟು ಕಾಳು ಕೊಡುತ್ತೇನೆ ಎಂದು ಆಣೆ ಮಾಡಿತು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಅದೇ ಎಲೆಗಳ ಗೊಬ್ಬರ ತಿಂದು ಎತ್ತರಕ್ಕೆ ಬೆಳೆದದ್ದು, ಅವುಗಳನ್ನೇ ಹೊರಗೆ ಹಾಕಿಸಲು ಹೊರಟಿತು.

ಕಾಡಪ್ಪ ತಲೆಯಾಡಿಸಿದ. ಬಾಳವ್ವನಿಗೆ ಇನ್ನೂ ಹಿಗ್ಗು. ಹೊಲವೂ ತನ್ನ ಅಂಗಳದ ಹಾಗೆ ಇರಬೇಕು, ಕಂಡವರು ಹೌದೌದು ಎನ್ನಬೇಕು ಎಂದು ಅವಳಿಗೆ ಮೊದಲಿನಿಂದಲೂ ಆಸೆ.

ಮುಂದಿನ ಮುಂಗಾರಿಗೆ ಕಾಡಪ್ಪ ಎತ್ತು ಹೂಡಿ ಕಳೆ ಕೊಯ್ಯುವ ಕುಂಟೆ ಹೊಡೆದ. ಬಾಳವ್ವ ಹಿಂದಿನಿಂದ ಕೂತು ಹೆಸರು ಕಿತ್ತಳು, ಮಡಕಿ ಕಿತ್ತಳು, ಹುರಳಿ ಕಿತ್ತಳು. ಗರಿಕೆಯನ್ನು ಬೇರು ಸಮೇತ ಎಳೆದಳು. ಎಲ್ಲವನ್ನೂ ಬುಟ್ಟಿಗೆ ತುಂಬಿ ಬದುವಿನ ಆಚೆ, ಯಾರಿಗೂ ಬೇಡದ ಕಲ್ಲುಜಾಗಕ್ಕೆ ಎಸೆದಳು. ಸಂಜೆಗೆ ಹೊಲ ಬೋಳಾಗಿತ್ತು. ಬಾಳವ್ವ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿ ತೃಪ್ತಿಪಟ್ಟಳು.

ಮಳೆ ಬಂತು. ತಡೆಯಲು ಎಲೆ ಇಲ್ಲ. ಹನಿ ಸೀದಾ ಎರೆವ್ವನ ಬರಿ ಮೈಗೆ ಹೊಡೆಯಿತು. ಕಪ್ಪು ಮಣ್ಣು ಕರಗಿ ಇಳಿಜಾರಿನಲ್ಲಿ ಓಡಿ ಹಳ್ಳ ಸೇರಿತು. ಮಳೆ ನಿಂತು ಬಿಸಿಲು ಬಿದ್ದಾಗ ಗಾಳಿ ಬಂದು ಮೇಲಿನ ಪುಡಿಯನ್ನು ಹಿಡಿಹಿಡಿಯಾಗಿ ಒಯ್ದಿತು. ಎರೆವ್ವ ಗಾಳಿಯನ್ನು ಬೈದರೆ ಅದು, ಸಡಿಲವಾಗಿ ಬಿಟ್ಟಿದ್ದನ್ನು ಒಯ್ಯುವುದು ತನ್ನ ಕೆಲಸ, ಗಾಳಿ ಬಂದಾಗ ತೂರಿಕೋ ಎಂದು ಆ ಕಾಡಪ್ಪನೇ ಹೇಳುತ್ತಾನಲ್ಲ, ಬೈಯುವುದಿದ್ದರೆ ಅವನನ್ನು ಬೈ ಎಂದು ಹೇಳಿ ಹೋಯಿತು.

ಎರೆವ್ವ ಮೆತ್ತಗೆ ಕೇಳಿದಳು. "ಕಾಡಪ್ಪಾ, ನನ್ನ ಸೀರಿ ಎಲ್ಲೈತಿ?"

"ಮುಂದಿನ ವರ್ಷ ಉಡಸ್ತೀನವ್ವಾ," ಎಂದ ಕಾಡಪ್ಪ. ಆ ವರ್ಷ ಜೋಳ ಹೇಳಿದ ಹಾಗೆಯೇ ಬೆಳೆದಿತ್ತು. ಹಗೇವು ತುಂಬಿತು, ಮೇಲೆ ಚೆಲ್ಲಿತು. ತುಂಬಿದ ಹಗೇವಿನ ಮುಂದೆ ನಿಂತವನಿಗೆ ನೆಲದ ಮಾತು ಎಲ್ಲಿ ಕೇಳಬೇಕು?

ಎರಡನೆಯ ವರ್ಷವೂ ಕುಂಟೆ ಹೊಡೆದರು, ಹೆಸರು ಕಿತ್ತರು, ಮಡಕಿ ಕಿತ್ತರು, ಹುರಳಿ ಕಿತ್ತರು. ಮಳೆ ಬಂತು, ಮಣ್ಣು ಹೋಯಿತು. ಗಾಳಿ ಬಂತು, ಮಣ್ಣು ಹೋಯಿತು. ಹಳ್ಳವೇ ಕಾಡಪ್ಪನ ಮನೆ ಬಾಗಿಲಿಗೆ ಬಂದು ಜಗಳ ಮಾಡಿತು. ನಿನ್ನ ಹೊಲದ ಕೆಸರು ತುಂಬಿ ನನ್ನ ಹೊಟ್ಟೆ ಉಬ್ಬಿದೆ, ನಡೆಯಲು ಆಗುತ್ತಿಲ್ಲ, ಮೀನುಗಳು ನನ್ನನ್ನು ಬಿಟ್ಟು ಹೋದವು ಎಂದಿತು. ಕಾಡಪ್ಪ ಅದಕ್ಕೊಂದು ನಮಸ್ಕಾರ ಹಾಕಿ ಬಾಗಿಲು ಹಾಕಿಕೊಂಡ.

ಈ ಸಲ ಎರೆವ್ವ ಗಟ್ಟಿಯಾಗಿ ಕೇಳಿದಳು. "ಕಾಡಪ್ಪಾ, ನನ್ನ ಸೀರಿ ಎಲ್ಲೈತಿ?"

"ಮುಂದಿನ ವರ್ಷ ಉಡಸ್ತೀನವ್ವಾ," ಎಂದ ಕಾಡಪ್ಪ. ಬಾಳವ್ವ ಅಂಗಳ ಸಾರಿಸುತ್ತಿದ್ದವಳು ತಲೆಯೆತ್ತಲೂ ಇಲ್ಲ.

ಮೂರನೆಯ ವರ್ಷ ಎರೆವ್ವ ಏನೂ ಕೇಳಲಿಲ್ಲ. ಬೈಯುವವರು ಬೈಯುವುದನ್ನು ನಿಲ್ಲಿಸಿದಾಗ ಹೆದರಬೇಕು ಕೂಸೇ. ಇವರು ಹೆದರಲಿಲ್ಲ. ಅವಳಿಗೂ ರೂಢಿಯಾಯಿತು ಎಂದು ನೆಮ್ಮದಿಯಾದರು.

ಆ ಹಿಂಗಾರಿನಲ್ಲಿ ಬಿತ್ತಿದ ಜೋಳ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತು. ಎಲೆ ಹಳದಿಯಾಯಿತು. ಅದರ ನಯದ ಮಾತೆಲ್ಲ ಎಲ್ಲಿ ಹೋಯಿತೋ, ಕಾಡಪ್ಪನನ್ನು ಕರೆದು ಬೇರು ಇಳಿಸಿದಲ್ಲೆಲ್ಲ ಕಲ್ಲು ತಾಕುತ್ತಿದೆ ಎಂದು ಅಳತೊಡಗಿತು. ಕಾಡಪ್ಪ ಕೈಯಿಂದ ಕೆದರಿ ನೋಡಿದ. ಕಪ್ಪು ಮಣ್ಣು ಅಲ್ಲಲ್ಲಿ ಒಂದು ಗೇಣು ಕೂಡ ಉಳಿದಿರಲಿಲ್ಲ. ಅದರ ಕೆಳಗೆ ಬಿಳಿಚು ಗರಸು ಇಣುಕುತ್ತಿತ್ತು. ಇತ್ತ ಕೊಟ್ಟಿಗೆಯಲ್ಲಿ ಕೆಂದಿ ಎಂಬ ಹಸು ತಿನ್ನಲು ಹುಲ್ಲಿಲ್ಲದೆ, ಮೇವಿಗೆ ಜೋಳದ ಕಣಿಕೆಯಿಲ್ಲದೆ ಪಕ್ಕೆಲುಬು ತೋರಿಸಿಕೊಂಡು ಮಲಗಿತ್ತು.

ಆಗ ಇವರಿಗೆ ಹೊಳೆದ ಉಪಾಯ ಕೇಳು. ಭೂಮಿ ತಾಯಿಗೆ ಮುನಿಸು ಬಂದಿರಬೇಕು, ಉಡಿ ತುಂಬೋಣ ಎಂದುಕೊಂಡರು. ಬೆಳೆ ಹೊತ್ತ ಭೂಮಿ ಬಸುರಿ ಹೆಂಗಸಿನ ಹಾಗೆ, ಅವಳಿಗೆ ಉಡಿ ತುಂಬಿ ಬಯಕೆ ಉಣಿಸುವುದು ನಮ್ಮ ಕಡೆಯ ಪದ್ಧತಿ. ಪದ್ಧತಿಯಲ್ಲಿ ತಪ್ಪಿಲ್ಲ. ಬಾಳವ್ವ ಹೋಳಿಗೆ ಮಾಡಿದಳು, ಕಡುಬು ಮಾಡಿದಳು, ಬಳೆ ತಂದಳು. ರವಿಕೆಗೆಂದು ಒಂದು ಹಸಿರು ಖಣ ತೆಗೆದಿಟ್ಟಳು. ಹುಣ್ಣಿಮೆಯ ದಿನ ಬೆಳಿಗ್ಗೆ ಇಬ್ಬರೂ ಹೊಲಕ್ಕೆ ಹೋಗಿ, ಬೋಳು ನೆಲದ ನಡುವೆ ಆ ಹಸಿರು ಖಣ ಹಾಸಿ, ಅದರ ಮೇಲೆ ಬಳೆ ಇಟ್ಟು ಕೈ ಮುಗಿದರು.

ಅಷ್ಟು ದಿನ ಸುಮ್ಮನಿದ್ದ ಎರೆವ್ವ ಬಾಯಿ ತೆರೆದಳು.

"ಬಾಳವ್ವಾ, ಕೈ ತಗಿ. ಸೀರಿ ಸುಲದಾಕಿ ಖಣ ತಂದು ಉಡಿ ತುಂಬ್ತೀಯೇನು? ನನ್ನ ಮೈಮ್ಯಾಲಿನ ಹಸರು ಕಿತ್ತು ಕಿತ್ತು ಬದುವಿನ ಆಚಿ ಒಗದಿ. ಈಗ ಅಂಗೈಯಷ್ಟು ಹಸರು ಅರಿವಿ ಹಾಸಿ ಶರಣು ಮಾಡ್ತಿ. ನಿನ್ನ ಅಂಗಳ ನಿಂದು, ಗುಡಿಸು, ಸಾರಿಸು, ರಂಗೋಲಿ ಹಾಕು, ನಾ ಕೇಳಂಗಿಲ್ಲ. ಇದು ಅಂಗಳಲ್ಲ. ಇದು ನನ್ನ ಮೈ."

ಬಾಳವ್ವ ಮುಗಿದ ಕೈ ಇಳಿಸಿದಳು. ಕಾಡಪ್ಪ ಏನೋ ಹೇಳಲು ಹೋಗಿ, ಮುಂದಿನ ವರ್ಷ ಎಂದು ಶುರು ಮಾಡಿದ. ಆ ಮಾತು ಪೂರ್ತಿ ಮಾಡಲು ಎರೆವ್ವ ಬಿಡಲಿಲ್ಲ.

ಅವಳ ಮೈ ಪಟಪಟನೆ ಸೀಳಿತು. ಮೂಡಣ ಬದುವಿನಿಂದ ಪಡುವಣ ಬದುವಿನವರೆಗೆ ಒಂದು ಬಿರುಕು, ಅದರಿಂದ ಕವಲೊಡೆದು ಇನ್ನೊಂದು, ಅದರಿಂದ ಮತ್ತೊಂದು. ಹಸಿರು ಖಣ ಒಳಗೆ ಬಿತ್ತು. ಬಳೆ ಬಿದ್ದವು. ಬದುವಿನ ಪಕ್ಕ ನಿಲ್ಲಿಸಿದ್ದ ಕೂರಿಗೆ ಜಾರಿ, ಮುರಿದು, ಅದೂ ಒಳಗೆ ಹೋಯಿತು. ಹಳದಿ ಜೋಳದ ಬೇರುಗಳು ಹರಿದು ಗಿಡಗಳು ಒಂದೊಂದಾಗಿ ಅಡ್ಡ ಬಿದ್ದವು. ಆಮೇಲೆ ಎರೆವ್ವ ತನ್ನ ಮೈಮೇಲೆ ಉಳಿದಿದ್ದ ಚೂರುಪಾರು ಕಪ್ಪು ಪುಡಿಯನ್ನೆಲ್ಲ ಆ ಬಿರುಕುಗಳಿಗೆ ಎಳೆದುಕೊಳ್ಳತೊಡಗಿದಳು. ಅಂಚಿನಿಂದ ಮಣ್ಣು ಸರಸರ ಒಳಗೆ ಇಳಿಯಿತು. ಮಧ್ಯಾಹ್ನ ಗಾಳಿ ಬಂದು ತಡಕಾಡಿತು, ಅದರ ಕೈಗೆ ಏನೂ ಸಿಗಲಿಲ್ಲ. ಬಿರುಕಿನೊಳಗೆ ಕೈ ಹಾಕಿತು, ಕೈ ಮುಟ್ಟಲಿಲ್ಲ. ಗೊಣಗುತ್ತ ಹೊರಟುಹೋಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಕಾಡಪ್ಪ ಬದುವಿನ ಮೇಲೆ ತಲೆಗೆ ಕೈಯಿಟ್ಟು ಕೂತ. ಬಾಳವ್ವ ಬಿರುಕಿನ ಅಂಚಿಗೆ ಹೋಗಿ ಕೂತು ತಪ್ಪಾಯಿತು ಎಂದಳು. ಎರೆವ್ವ ಕರಗಲಿಲ್ಲ. ತಪ್ಪಾಯಿತು ಎನ್ನಲು ನಾಲಿಗೆ ಒಂದಿದ್ದರೆ ಸಾಕು, ಮುಂದಿನ ಮಳೆಯ ಹೊತ್ತಿಗೆ ನಿನ್ನ ಉಡಿಯಲ್ಲಿ ಏನಿರುತ್ತದೆ ನೋಡೋಣ ಎಂದಳು.

ಬಾಳವ್ವ ಎದ್ದಳು. ಬದು ದಾಟಿ ಆಚೆಯ ಕಲ್ಲುಜಾಗಕ್ಕೆ ಹೋದಳು. ಅವಳು ವರ್ಷವರ್ಷವೂ ಕಿತ್ತು ಎಸೆದದ್ದೆಲ್ಲ ಅಲ್ಲಿ ಕಲ್ಲಿನ ಸಂದಿಯಲ್ಲಿ ಹೇಗೋ ಜೀವ ಹಿಡಿದಿತ್ತು. ಹೆಸರು, ಮಡಕಿ, ಹುರಳಿ ಎಲ್ಲ ಸಣಕಲಾಗಿ ಕಾಯಿ ಬಿಟ್ಟು ನಿಂತಿದ್ದವು. ಅವಳನ್ನು ಕಂಡು ಮುಖ ತಿರುಗಿಸಿದವು. ಮುಖ ತಿರುಗಿಸದೆ ಏನು ಮಾಡಬೇಕಿತ್ತು ಹೇಳು. ಬಾಳವ್ವ ಸೆರಗು ಒಡ್ಡಿ, ನನಗಾಗಿ ಬೇಡ, ಆ ತಾಯಿಯ ಮೈ ಮುಚ್ಚಲು ಬನ್ನಿ ಎಂದು ಕೇಳಿಕೊಂಡಳು. ಹುರಳಿ ಒಳ್ಳೆಯ ಮನಸ್ಸಿನದು, ಮೊದಲು ಅದು ಕಾಯಿ ಬಿಚ್ಚಿತು. ಅದನ್ನು ನೋಡಿ ಮಡಕಿ ಬಿಚ್ಚಿತು, ಹೆಸರು ಬಿಚ್ಚಿತು. ಬಾಳವ್ವನ ಉಡಿ ಕಾಳಿನಿಂದ ತುಂಬಿತು.

ಗರಿಕೆ ಮಾತ್ರ ಒಪ್ಪಲಿಲ್ಲ. "ನನ್ನ ಬುಡಮಟ್ಟ ಕಿತ್ತಾಕಿ ನೀನ. ನಿನ್ನ ಹೊಲದಾಗ ನಾ ಇನ್ನ ಕಾಲಿಡಂಗಿಲ್ಲ, ಬದುವಿನ ಮ್ಯಾಲ ಇರ್ತೀನಿ. ಕೆಂದಿಗೆ ಮೇವು ಕೊಡ್ತೀನಿ, ಮಣ್ಣು ಹರದು ಹೋಗದಂಗ ಹಿಡೀತೀನಿ. ನಿನ್ನ ಮ್ಯಾಲಿನ ಪ್ರೀತಿಗಲ್ಲ," ಎಂದಿತು. ಹೀಗೆ ಹೇಳಿದರೂ ಅದರ ಬುದ್ಧಿ ನಿನಗೆ ಗೊತ್ತಲ್ಲ; ಬದುವಿನ ಮೇಲೆ ಕೂತು ಒಂದು ಕಾಲನ್ನು ಮೆಲ್ಲಗೆ ಹೊಲದೊಳಗೆ ಚಾಚಿಯೇ ಇರುತ್ತದೆ.

ಮುಂಗಾರಿನ ಮೊದಲ ಮೋಡ ಕಾಣಿಸಿದಾಗ ಗಂಡಹೆಂಡಿರು ಬಿರುಕುಬಿಟ್ಟ ಹೊಲದ ಮುಂದೆ ಬಂದು ನಿಂತರು. ಕಾಡಪ್ಪ ಹೊಸ ಕೂರಿಗೆ ಮಾಡಿಕೊಂಡು ಬಂದಿದ್ದ. ಬಾಳವ್ವ ಉಡಿಯಲ್ಲಿ ಕಾಳು ತಂದಿದ್ದಳು. ಎರೆವ್ವ ಅವಳ ಉಡಿ ನೋಡಿದಳು. ಆದರೂ ದನಿ ಇಳಿಸಲಿಲ್ಲ.

"ಕೇಳ್ರಿ ಇಬ್ಬರೂ, ಇನ್ನೊಮ್ಮೆ ಹೇಳಂಗಿಲ್ಲ. ಮುಂಗಾರ್ಯಾಗ ನನ್ನ ಮೈ ಬರಿದು ಬಿಡಬ್ಯಾಡ್ರಿ. ಸಣ್ಣ ಕಾಳು ಆಳಕ್ಕ ಹೂಳಬ್ಯಾಡ್ರಿ, ಉಸಿರು ಕಟ್ಟಿ ಸಾಯ್ತಾವು. ದೊಡ್ಡ ಕಾಳು ಮ್ಯಾಲ ಚೆಲ್ಲಿ ಹೋಗಬ್ಯಾಡ್ರಿ, ಇರಿವಿ ಪಾಲಾಗ್ತಾವು. ಬೆರಳು ಇಳಿಸಿ ನೋಡ್ರಿ, ಹಸಿ ತಾಕಿದಲ್ಲೆ ಕಾಳು ಕೂಡ್ರಬೇಕು. ಇಳಿಜಾರಿಗೆ ಅಡ್ಡ ಬಿತ್ರಿ. ಉದ್ದಕ ಬಿತ್ತಿದ್ರ ಹಳ್ಳಕ್ಕ ನೀವ ದಾರಿ ಹಾಕಿಕೊಟ್ಟಂಗ. ಹಿಂಗಾರ್ಯಾಗ ಜ್ವಾಳ ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ನಡುವ ಕಡ್ಲಿನೋ ಕುಸುಬಿನೋ ಅಕ್ಕಡಿ ಸಾಲು ಇರಲಿ. ಒಬ್ಬರಿಗೇ ಇಡೀ ಮನಿ ಕೊಟ್ರ ಏನಾಗತೈತಿ, ನೀವ ಕಂಡ್ರಿ. ಬದುವಿನ ಹುಲ್ಲಿಗೆ ಕುಡಗೋಲು ಹಚ್ರಿ, ಗುದ್ದಲಿ ಹಚ್ಚಬ್ಯಾಡ್ರಿ."

ಜೋಳದ ಕಾಳು ಕಾಡಪ್ಪನ ಚೀಲದಲ್ಲಿ ಕೂತು ಇದನ್ನೆಲ್ಲ ಕೇಳಿತು. ಹೋದ ವರ್ಷದ ಕಲ್ಲು ಅದಕ್ಕೆ ಮರೆತಿರಲಿಲ್ಲ. ಕಡಲೆ ತನ್ನ ಪಕ್ಕದಲ್ಲಿ ಕೂತರೆ ತನ್ನದೇನೂ ಅಡ್ಡಿಯಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿತು.

ಮಳೆ ಬಂತು. ಕಾಡಪ್ಪ ಇಳಿಜಾರಿಗೆ ಅಡ್ಡವಾಗಿ ಎತ್ತು ನಡೆಸಿದ. ಬಾಳವ್ವ ಹಿಂದೆ ನಡೆಯುತ್ತ ಬೆರಳು ಇಳಿಸಿ ಹಸಿ ನೋಡಿ ಕಾಳು ಬಿಟ್ಟಳು. ಹೆಸರು ಎದ್ದಿತು, ಮಡಕಿ ಹಬ್ಬಿತು, ಹುರಳಿ ಹಾಸಿಕೊಂಡಿತು. ಬಾಳವ್ವನಿಗೆ ಒಳಗೊಳಗೇ ಕೈ ತುರಿಸುತ್ತಿತ್ತು. ಅಷ್ಟೊಂದು ಎಲೆ, ಅಷ್ಟೊಂದು ಬಳ್ಳಿ, ಒಂದಕ್ಕೂ ಸಾಲು ಶಿಸ್ತು ಇಲ್ಲ. ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನಿದ್ದಳು. ಹಿಂಗಾರು ಬಂದಾಗ ಹೊಸ ಕೂರಿಗೆಯ ಹಿಂದೆ ಕಾಡಪ್ಪ ಹಗ್ಗದಿಂದ ಇನ್ನೊಂದು ಬಿದಿರಿನ ಕೊಳವೆ ಕಟ್ಟಿಕೊಟ್ಟ. ಜೋಳದ ಸಾಲುಗಳ ನಡುವೆ ಬಾಳವ್ವ ಆ ಕೊಳವೆಯಲ್ಲಿ ಕಡಲೆಯ ಅಕ್ಕಡಿ ಬಿಟ್ಟಳು. ಅಂಚಿನಲ್ಲಿ ಮುಳ್ಳಿನ ಕುಸುಬೆ ಕಾವಲು ನಿಂತಿತು. ಕೊಟ್ಟಿಗೆಯಲ್ಲಿ ಕೆಂದಿ ಎದ್ದು ನಿಂತು ಬದುವಿನಿಂದ ಕೊಯ್ದು ತಂದ ಹುಲ್ಲು ತಿಂದಿತು. ಎರೆವ್ವನ ಮೈ ತೇವದಿಂದ ಉಬ್ಬಿ, ಬಿರುಕುಗಳು ಒಂದೊಂದಾಗಿ ಮುಚ್ಚಿಕೊಂಡವು.

ಸುಗ್ಗಿಯ ಮುಂಚಿನ ಒಂದು ದಿನ ಬಾಳವ್ವ ನೆಲಕ್ಕೆ ಅಂಗೈ ಊರಿ ಕೇಳಿದಳು. "ಯವ್ವಾ, ಸಿಟ್ಟು ಇಳೀತೇನು?"

ಎರೆವ್ವ ಹೇಳಿದಳು. "ಬಾಯಿ ಮುಚ್ಚೇನಿ, ಸಿಟ್ಟು ಮುಚ್ಚಿಲ್ಲ. ನೀ ಇರೂತನಕ ನೆನಪಿಡ್ತಿ, ಅದು ಗೊತ್ತೈತಿ. ನಿನ್ನ ಮಕ್ಕಳು? ಅವರ ಮಕ್ಕಳು? ತುಂಬಿದ ಹಗೇವು ನೋಡಿದ್ರ ಮರೀತಾರ. ಸುಗ್ಗಿ ಮುಗದು ನನ್ನ ಮೈ ಬರಿದಾದಾಗ ನಾ ಇನ್ನ ಯಾರನ್ನೂ ನಂಬಂಗಿಲ್ಲ. ನನ್ನ ತೊಗಲು ನಾನ ಕಾಯ್ಕೋತೀನಿ."

ಬಾಳವ್ವ ಮಾತು ಕೊಡಲು ಬಾಯಿ ತೆರೆದಳು. ಮಕ್ಕಳ ಪರವಾಗಿ ಕೊಡುವ ಮಾತು ಎಷ್ಟು ಗಟ್ಟಿ ಎಂದು ಅವಳಿಗೇ ಅನುಮಾನ ಬಂದಿರಬೇಕು, ಬಾಯಿ ಮುಚ್ಚಿಕೊಂಡಳು. ಎರೆವ್ವ ಹೇಳಿದ್ದು ಸುಳ್ಳಾಗಲಿಲ್ಲ ಕೂಸೇ. ಮರೆತರು. ಮುಂಗಾರಿನಲ್ಲಿ ಬೋಳು ಬಿಟ್ಟ ಹೊಲಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೇಸಿಗೆಯಲ್ಲಿ ಅದೇ ಜನ ಬದುವಿನ ಮೇಲೆ ನಿಂತು, ಪಾಪ ಭೂಮಿಗೆ ಬಾಯಾರಿದೆ ಎಂದು ಲೊಚಗುಟ್ಟುತ್ತಾರೆ.

ನೀನು ಹಾಗೆ ಹೇಳಬೇಡ. ಬಿಸಿಲಿನಲ್ಲಿ ಕರಿ ನೆಲ ನಿನ್ನ ತೋಳು ಹಿಡಿಸುವಷ್ಟು ಅಗಲ ಬಿರಿದು, ಅಂಚಿನ ಪುಡಿಮಣ್ಣು ಸರಸರ ಒಳಗೆ ಇಳಿಯುವುದನ್ನು ಕಂಡಾಗಲೆಲ್ಲ ತಿಳಿದುಕೋ, ಎರೆವ್ವ ತನ್ನ ತೊಗಲನ್ನು ನಮ್ಮ ಕೈಗೆ ಸಿಗದ ಹಾಗೆ ಎತ್ತಿಡುತ್ತಿದ್ದಾಳೆ.